ಪಹರಿ ಗುರುತಿಸದ ನಡಿಗೆ

ಗದಗಿನ ಬ್ಯಾಟರಿ ಅಂಗಳದಲ್ಲಿ ಫಕೀರಪ್ಪ ಹೊಂಬಳನ ಬೂಟು ಹಾಕಿಕೊಂಡು ಸುತ್ತು ಹೊಡೆಯುತ್ತಿರುವವನು ಫಕೀರಪ್ಪ ಹೊಂಬಳ ಅಲ್ಲ ಎಂದು ಪಹರಿ ಹೇಳಿತು.

ಹುಬ್ಬಳ್ಳಿಯ ನಿಯಂತ್ರಣ ಕೊಠಡಿಯಲ್ಲಿ ಕೂತಿದ್ದ ಶಿವಲೀಲಾ ಕುಂದಗೋಳ ಪರದೆಯನ್ನು ಇನ್ನೊಮ್ಮೆ ನೋಡಿದಳು. ಪಹರಿ ಎಂಬ ಆ ಕಾವಲು ತಂತ್ರಾಂಶ ಸುಮ್ಮಸುಮ್ಮನೆ ಹೀಗೆ ಹೇಳುವ ಜಾತಿಯದಲ್ಲ. ಉತ್ತರ ಕರ್ನಾಟಕದ ನೂರಾರು ಗೋದಾಮು, ಆಸ್ಪತ್ರೆ, ಕಾರ್ಖಾನೆಗಳ ಕಾವಲುಗಾರರು ಯಾವ ದಾರಿಯಲ್ಲಿ ಸುತ್ತಬೇಕು, ಎಲ್ಲಿ ನಿಲ್ಲಬೇಕು, ಏನು ನೋಡಬೇಕು ಎಂದು ಹೇಳಿಕೊಡುವುದು ಅದರ ಕೆಲಸ. ಅವರು ಹಾಗೆ ಮಾಡಿದರೋ ಇಲ್ಲವೋ ಎಂದು ನೋಡುವುದೂ ಅದರದೇ ಕೆಲಸ. ಬೇರೆ ಬೇರೆ ಜಾಗಗಳಿಗೆ ಹೋಗಿ, ಅಲ್ಲಿನ ಗೇಟು, ಗೋಡೆ, ಮೂಲೆಗಳನ್ನೆಲ್ಲ ನೋಡಿ, ಪಹರಿಗೆ ಆ ದಾರಿಗಳನ್ನು ಕಲಿಸುತ್ತಿದ್ದವಳು ಶಿವಲೀಲಾ.

ಮೊದಲೆಲ್ಲ ಕಾವಲುಗಾರರು ಅಲ್ಲಲ್ಲಿ ಗೋಡೆಗೆ ಅಂಟಿಸಿದ ಬಿಲ್ಲೆಗಳಿಗೆ ಫೋನು ತಾಗಿಸಿ ತಾವು ಬಂದು ಹೋದದ್ದನ್ನು ದಾಖಲಿಸುತ್ತಿದ್ದರು. ಆಗ ಒಬ್ಬನೇ ಪುಣ್ಯಾತ್ಮ ಎಲ್ಲರ ಫೋನುಗಳನ್ನೂ ಕೈಚೀಲದಲ್ಲಿ ಹಾಕಿಕೊಂಡು ಬೈಕಿನಲ್ಲಿ ಸುತ್ತಿ ಬರುವುದು, ಉಳಿದವರು ನೆರಳಲ್ಲಿ ಮಲಗುವುದು ಮಾಮೂಲಾಗಿತ್ತು. ಅದನ್ನು ತಪ್ಪಿಸಲೆಂದೇ ಬೂಟಿನ ಅಡಿಗೆ ಕಾಗದದಷ್ಟು ತೆಳ್ಳಗಿನ ಹಾಳೆ ಬಂತು. ಒಬ್ಬೊಬ್ಬರ ದನಿ ಬೇರೆಯಿರುವಂತೆ ನಡಿಗೆಯೂ ಬೇರೆ. ಹಿಮ್ಮಡಿ ಯಾವಾಗ ಊರುತ್ತದೆ, ಭಾರ ಯಾವ ಕಡೆ ವಾಲುತ್ತದೆ, ಹೆಬ್ಬೆರಳು ಎಷ್ಟು ಒತ್ತಿ ಮೇಲೇಳುತ್ತದೆ ಎಂಬುದನ್ನೆಲ್ಲ ಆ ಹಾಳೆ ಅಳೆದು ಕಳಿಸುತ್ತದೆ. ಕೆಲವು ದಿನ ನಡೆದು ತೋರಿಸಿದರೆ ಸಾಕು, ಪಹರಿ ಆ ಮನುಷ್ಯನನ್ನು ಕಾಲಿನಿಂದಲೇ ಗುರುತು ಹಿಡಿಯುತ್ತದೆ.

ಪರದೆಯ ಮೇಲೆ ಮೂರು ಗುಂಡಿಗಳು ಮೂಡಿದ್ದವು. ‘ಬೇರೆ ವ್ಯಕ್ತಿ’, ‘ದೇಹಸ್ಥಿತಿ’, ‘ಹೊಸದಾಗಿ ಕಲಿ’. ಮೊದಲನೆಯದನ್ನು ಒತ್ತಿದರೆ ಕಾವಲುಗಾರ ಅಂದೇ ಅಮಾನತು. ಎರಡನೆಯದಾದರೆ ‘ಕೆಲಸಕ್ಕೆ ಅಸಮರ್ಥ’ ಎಂಬ ಷರಾ ಬಿದ್ದು, ವೈದ್ಯರ ಪತ್ರ ಬರುವವರೆಗೆ ಮನೆಯಲ್ಲೇ ಇರಬೇಕು. ಹಾಗೆ ಮನೆಗೆ ಹೋದವರು ಮರಳಿ ಬಂದದ್ದನ್ನು ಶಿವಲೀಲಾ ನೋಡಿರಲಿಲ್ಲ. ಮೂರನೆಯದನ್ನು ಒತ್ತಿದರೆ ಪಹರಿ ಹಳೆಯ ನಡಿಗೆಯನ್ನು ಮರೆತು ಹೊಸದನ್ನು ಕಲಿತುಕೊಳ್ಳುತ್ತದೆ.

ಆಕೆ ಯಾವುದನ್ನೂ ಒತ್ತದೆ ಫೋನು ಮಾಡಿದಳು.

"ಫಕೀರಪ್ಪ ಕಾಕಾ, ನೀವ ಅದೀರೇನ್ರಿ ಡ್ಯೂಟಿ ಮ್ಯಾಲ?"

"ನಾನ ಅದೀನ್ರಿ ಮೇಡಂ. ಯಾಕ್ರಿ, ನನ್ನ ದನಿ ಗುರ್ತು ಹತ್ತಲಿಲ್ಲೇನು?"

ಗುರುತು ಹತ್ತಿತ್ತು. ಕ್ಯಾಮೆರಾದಲ್ಲಿ ಮುಖವೂ ಕಂಡಿತು. ಆದರೆ ಮೇಲಧಿಕಾರಿ ಇನಾಮದಾರರು ಒಪ್ಪಲಿಲ್ಲ. "ಅವಗ ತಮ್ಮ ಒಬ್ಬ ಇದ್ದಾನಂತಲ್ಲ, ನೋಡಲಿಕ್ಕೆ ಥೇಟ್ ಹಂಗೇ. ಮೂರು ವಾರ ಜ್ವರ ಅಂತ ರಜಾ ಹೋಗಿದ್ದ. ಈಗ ಬಂದವನು ಅಣ್ಣನೋ ತಮ್ಮನೋ ಯಾರಿಗೆ ಗೊತ್ತು? ನೀವೇ ಹೋಗಿ ನೋಡಿಬನ್ನಿ" ಎಂದರು.

*

ಕಪ್ಪತಗುಡ್ಡದ ಕಡೆಯಿಂದ ಬೀಸುವ ಗಾಳಿಯಲ್ಲಿ ಹುಟ್ಟಿದ ವಿದ್ಯುತ್ತನ್ನು ಕೂಡಿಡುವ ಜಾಗ ಆ ಬ್ಯಾಟರಿ ಅಂಗಳ. ಲಾರಿಯ ಮೇಲೆ ಹೇರುವಂಥ ದೊಡ್ಡ ಬಿಳಿ ಪೆಟ್ಟಿಗೆಗಳು ಸಾಲುಸಾಲಾಗಿ ನಿಂತಿದ್ದವು. ಒಂದೊಂದರೊಳಗೂ ಬ್ಯಾಟರಿಗಳ ಕಪಾಟುಗಳು. ಅವು ಒಳಗೊಳಗೇ ಬಿಸಿಯೇರಿ ಹೊತ್ತಿಕೊಂಡರೆ ನೀರು ಹೊಯ್ದು ಆರಿಸುವಂಥ ಬೆಂಕಿಯಲ್ಲ. ಆದ್ದರಿಂದ ಪೆಟ್ಟಿಗೆಯೊಳಗೆ ಸೂಚಕಗಳಿದ್ದರೂ ಹೊರಗೆ ಮನುಷ್ಯರು ಸುತ್ತುತ್ತಿದ್ದರು. ಒಂದು ಹನಿ ಸೋರಿದರೂ ಉಗುರುಬಣ್ಣ ಅಳಿಸುವ ದ್ರವದಂಥ ಸಿಹಿ ವಾಸನೆ ಬರುತ್ತದೆ, ಬಂದ ಕೂಡಲೇ ದೂರ ಸರಿದು ತಿಳಿಸಬೇಕು ಎಂಬುದು ಅಲ್ಲಿಯ ಕಾವಲುಗಾರರಿಗೆ ಕಲಿಸುವ ಮೊದಲ ಪಾಠ.

ಫಕೀರಪ್ಪ ಗೇಟಿನ ಬಳಿಯೇ ಕಾಯುತ್ತಿದ್ದ. ಐವತ್ತು ದಾಟಿದ, ಅಗಲ ಹೆಗಲಿನ, ಮೀಸೆಯ ಅಂಚು ತಿದ್ದಿಕೊಂಡ ಮನುಷ್ಯ. ಎರಡು ವರ್ಷದ ಹಿಂದೆ ಶಿವಲೀಲಾ ಈ ಅಂಗಳಕ್ಕೆ ಪಹರಿಯನ್ನು ಹೊಂದಿಸಲು ಬಂದಾಗ ಮೊದಲು ಬೂಟು ಹಾಕಿಕೊಂಡವನು ಇವನೇ. ಉಳಿದವರು ಅನುಮಾನದಿಂದ ನೋಡುತ್ತಿದ್ದಾಗ, "ಕಳ್ಳ ಇದ್ದವ ಹೆದರಲಿ" ಎಂದು ನಕ್ಕು ಅಂಗಳದ ತುಂಬ ನಡೆದು ತೋರಿಸಿದ್ದ.

"ಒಂದು ಸುತ್ತು ಹಾಕೋಣ ಬರ್ರಿ ಕಾಕಾ. ನಾನು ನಿಮ್ಮ ಹಿಂದ ಬರತೀನಿ."

ಅವನು ಮುಂದೆ, ಆಕೆ ಹಿಂದೆ. ಬಿಸಿಲು ಇಳಿಯತೊಡಗಿತ್ತು. ನೋಡುತ್ತ ನೋಡುತ್ತ ಶಿವಲೀಲಾಗೆ ಏನೋ ಕಸಿವಿಸಿ ಆಯಿತು. ಅವನ ಬಲಗೈ ಹೆಜ್ಜೆಗೆ ತಕ್ಕಂತೆ ಬೀಸುತ್ತಿತ್ತು. ಎಡಗೈ ಮಾತ್ರ ಏನೋ ಹಿಡಿದುಕೊಂಡಂತೆ ಸೊಂಟದ ಪಕ್ಕ ಸುಮ್ಮನಿತ್ತು. ಹೆಜ್ಜೆಗಳು ಚಿಕ್ಕವಾಗಿದ್ದವು. ಪೆಟ್ಟಿಗೆಯ ಮೂಲೆಯಲ್ಲಿ ತಿರುಗುವಾಗ ಒಂದೇ ಸಲಕ್ಕೆ ತಿರುಗದೆ ತುಸು ತುಸುವೇ ಕಾಲು ಸರಿಸಿ ತಿರುಗುತ್ತಿದ್ದ.

ನಾಲ್ಕನೇ ಸಾಲಿನ ನಡುವೆ ಅವನು ಒಂದು ಪೆಟ್ಟಿಗೆಯ ಬಾಗಿಲು ಎಳೆದು ನೋಡಿ, ಸರಿಯಿದೆ ಎಂದು ಫೋನಿನಲ್ಲಿ ಒತ್ತಿ ಮುಂದೆ ಹೋದ. ಹಿಂದೆ ಬಂದ ಶಿವಲೀಲಾ ಅಲ್ಲೇ ನಿಂತಳು. ಮಾಗಿದ ಹಣ್ಣಿನಂಥ, ಮೂಗಿಗೆ ಚುರುಕು ಮುಟ್ಟಿಸುವ ಸಿಹಿ ವಾಸನೆ.

"ಕಾಕಾ, ನಿಲ್ರಿ! ಇಲ್ಲಿ ವಾಸನಿ ಬರಾಕತ್ತೈತಿ."

ಫಕೀರಪ್ಪ ತಿರುಗಿ ಬಂದು ಗಾಳಿಯಲ್ಲಿ ಮೂಗರಳಿಸಿದ. ಅವನ ಮುಖ ಬಿಳಿಚಿಕೊಂಡಿತು. ಆದರೆ ಅರೆಗಳಿಗೆಯೂ ತಡಮಾಡಲಿಲ್ಲ. ಆಕೆಯನ್ನು ಗಾಳಿ ಬರುವ ದಿಕ್ಕಿಗೆ ದೂರ ಸರಿಸಿ, ಸೀಟಿ ಊದಿ, ಆ ಸಾಲಿನಲ್ಲಿದ್ದವರನ್ನೆಲ್ಲ ಹೊರಗೆ ಕಳಿಸಿ, ಅಂಗಳದ ಎಂಜಿನಿಯರಿಗೆ ಫೋನು ಮಾಡಿದ. ಪೆಟ್ಟಿಗೆಯನ್ನು ಉಳಿದವುಗಳಿಂದ ಬೇರ್ಪಡಿಸಿದರು. ಬಾಗಿಲ ಕೆಳಗಿನ ಸಂದಿಯಲ್ಲಿ ಸಣ್ಣ ಸೋರಿಕೆ. ಸೂಚಕ ಮೇಲಿದ್ದುದರಿಂದ ಅದಕ್ಕಿನ್ನೂ ತಾಗಿರಲಿಲ್ಲ. ಯಾರಿಗೂ ಏನೂ ಆಗಲಿಲ್ಲ.

ಎಲ್ಲ ತಣ್ಣಗಾದ ಮೇಲೆ ಅವನು ಗೇಟಿನ ಕಟ್ಟೆಯ ಮೇಲೆ ಕೂತ.

"ನನಗ ವಾಸನಿ ಬರಲಿಲ್ರಿ ಮೇಡಂ."

"ನೆಗಡಿ ಆಗೇತೇನ್ರಿ?"

"ಜ್ವರದಿಂದ ಹಿಂಗಾತು ಅಂತ ಮನ್ಯಾಗ ಹೇಳೀನಿ." ಟೋಪಿ ತೆಗೆದು ಪಕ್ಕಕ್ಕಿಟ್ಟ. "ಖರೇ ಹೇಳಬೇಕಂದ್ರ, ಜ್ವರಕ್ಕಿಂತ ಮೊದಲ ಹೋಗಿತ್ತು. ಮನ್ಯಾಗ ಒಗ್ಗರಣಿ ಹೊತ್ತಿದ್ರೂ ನನಗ ತಿಳೀತಿರಲಿಲ್ಲ. ವಯಸ್ಸಾತು, ಹಂಗ ಆಕ್ಕೈತಿ ಅಂತ ಬಿಟ್ಟಿದ್ದೆ."

*

ಮರುದಿನ ಶಿವಲೀಲಾ ಪಹರಿಯ ನೆನಪನ್ನು ಕೆದಕಿದಳು. ಫಕೀರಪ್ಪ ಮೊದಲ ಸಲ ನಡೆದು ತೋರಿಸಿದ ದಿನದ ಹೆಜ್ಜೆಯನ್ನೂ ಈಗಿನ ಹೆಜ್ಜೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಇಬ್ಬರು ಬೇರೆ ಬೇರೆ ಮನುಷ್ಯರು ನಡೆದಂತಿತ್ತು.

ಹಾಗಾದರೆ ಇಷ್ಟು ದಿನ ಪಹರಿ ಯಾಕೆ ಸುಮ್ಮನಿತ್ತು? ಉತ್ತರ ಆ ನೆನಪಿನಲ್ಲೇ ಇತ್ತು. ಮನುಷ್ಯನ ನಡಿಗೆ ಕಲ್ಲಿನ ಗೆರೆಯಲ್ಲ. ಬೂಟು ಸವೆಯುತ್ತದೆ, ಹೊಟ್ಟೆ ಬರುತ್ತದೆ, ಮೊಣಕಾಲು ನೋಯುತ್ತದೆ. ಅದಕ್ಕೆಂದೇ ಪಹರಿ ದಿನವೂ ಅವತ್ತಿನ ನಡಿಗೆಯನ್ನು ನೋಡಿ ತನ್ನ ನೆನಪನ್ನು ಕೂದಲೆಳೆಯಷ್ಟು ತಿದ್ದಿಕೊಳ್ಳುತ್ತಿತ್ತು. ಫಕೀರಪ್ಪನ ಎಡಗಾಲು ದಿನಕ್ಕಿಷ್ಟು ಎಂದು ನಿಧಾನವಾಗುತ್ತ ಬಂದದ್ದನ್ನೆಲ್ಲ ಅದು ಇವನು ಹೀಗೇ ಎಂದು ಒಪ್ಪಿಕೊಳ್ಳುತ್ತ ಬಂದಿತ್ತು. ಜ್ವರವೆಂದು ಅವನು ಮೂರು ವಾರ ಬರದಿದ್ದಾಗ ಆ ತಿದ್ದುವಿಕೆ ನಿಂತಿತು. ಮರಳಿ ಬಂದವನು ಪಹರಿಯ ಕಣ್ಣಿಗೆ ಒಮ್ಮೆಲೇ ಬೇರೆಯಾಗಿ ಕಂಡ.

ಈಗ ‘ಹೊಸದಾಗಿ ಕಲಿ’ ಎಂದು ಒತ್ತಿಬಿಟ್ಟರೆ ಎಲ್ಲ ಮುಗಿಯುತ್ತದೆ. ಪಹರಿ ಮತ್ತೆ ಎಂದೂ ಬಾಯಿ ಬಿಡುವುದಿಲ್ಲ. ಅವನು ಇನ್ನಷ್ಟು ನಿಧಾನವಾದರೂ, ಬಿದ್ದರೂ, ಅದು ಅದನ್ನೂ ಕಲಿತುಕೊಳ್ಳುತ್ತದೆ. ಹಿಂದಿನ ದಿನ ಬಸ್ಸಿನಲ್ಲಿ ಮರಳುವಾಗ ಶಿವಲೀಲಾ ಹಾಗೆಯೇ ಮಾಡಬೇಕೆಂದುಕೊಂಡಿದ್ದಳು. ಯಾರ ಹೊಟ್ಟೆಯ ಮೇಲೂ ಹೊಡೆಯದ ಗುಂಡಿ ಅದೊಂದೇ. ಆದರೆ ಆ ಸಿಹಿ ವಾಸನೆ ಇನ್ನೂ ಮೂಗಿನಲ್ಲಿತ್ತು.

ಆಕೆ ವೈದ್ಯೆಯಲ್ಲ. ಆದರೂ ವಾಸನೆ ಹೋಗುವುದು, ಒಂದು ಕೈ ಬೀಸದಿರುವುದು, ಹೆಜ್ಜೆ ಚಿಕ್ಕದಾಗುವುದು, ಇವೆಲ್ಲ ಒಟ್ಟಿಗೆ ಬಂದರೆ ಏನಿರಬಹುದೆಂದು ಓದಿ ತಿಳಿದುಕೊಂಡಳು. ಆ ರೋಗದ ಹೆಸರನ್ನು ಬಾಯಿಬಿಟ್ಟು ಹೇಳಲು ಮನಸ್ಸಾಗಲಿಲ್ಲ. ಇನಾಮದಾರರಿಗೆ "ಮನುಷ್ಯ ಅವನೇ, ನಾನು ಕಣ್ಣಾರೆ ನೋಡಿದೆ. ಉಳಿದದ್ದಕ್ಕೆ ಎರಡು ದಿನ ಕೊಡಿ" ಎಂದಷ್ಟೇ ತಿಳಿಸಿ, ಭಾನುವಾರ ಗದಗಿನ ಬಸ್ಸು ಹತ್ತಿದಳು.

*

ಫಕೀರಪ್ಪನ ಮನೆ ಬೆಟಗೇರಿಯಲ್ಲಿ, ಮಗ್ಗಗಳ ಸದ್ದು ಇನ್ನೂ ಪೂರ್ತಿ ನಿಲ್ಲದ ಓಣಿಯಲ್ಲಿತ್ತು. ಹೆಂಡತಿ ಕಸ್ತೂರೆವ್ವ ಒಳಗೆ ಕರೆದು ಚಾಪೆ ಹಾಸಿ, ಅವಲಕ್ಕಿ ಕೊಟ್ಟಳು. ಹುಬ್ಬಳ್ಳಿಯಿಂದ ಮೇಡಂ ಮನೆಗೆ ಬಂದರೆಂದರೆ ಒಳ್ಳೆಯ ಸುದ್ದಿಯಿರಲಾರದು ಎಂದು ಅವಳಿಗೆ ಗೊತ್ತಾಗಿತ್ತು.

ಶಿವಲೀಲಾ ಸುತ್ತಿ ಬಳಸದೆ ಎಲ್ಲವನ್ನೂ ಹೇಳಿದಳು. ಕಾಲು ಹೇಗೆ ಬದಲಾಗಿದೆ, ಪಹರಿ ಹೇಗೆ ಅದನ್ನು ಕಾಣದೇ ಹೋಯಿತು, ವೈದ್ಯರಿಗೆ ಯಾಕೆ ತೋರಿಸಬೇಕು ಎಂದೆಲ್ಲ.

ಮೊದಲು ಮಾತಾಡಿದವಳು ಕಸ್ತೂರೆವ್ವ. "ಮೊನ್ನೆ ಜ್ವರ ಬಂದಾಗ ನೋಡಾಕ ಕೊಪ್ಪಳದಿಂದ ಇವರ ತಂಗಿ ಬಂದಿದ್ಲು. ಬಾಗಲದಾಗ ನಿಂತು, ಯಣ್ಣಾ, ಕಾಲು ಯಾಕ ಎಳೀತೀಯೋ ಅಂದ್ಲು. ನಾನು ಅಕಿಗೆ, ನಿಶ್ಶಕ್ತಿ ಬಿಡವಾ ಅಂದೆ. ದಿನಾ ನೋಡಾಕಿ ನಾನು, ನನಗ ಕಾಣಲಿಲ್ಲ ನೋಡ್ರಿ."

"ನಮ್ಮ ಪಹರಿನೂ ದಿನಾ ನೋಡತಿತ್ರಿ, ಅದಕ್ಕೂ ಕಾಣಲಿಲ್ಲ" ಎಂದಳು ಶಿವಲೀಲಾ.

ಫಕೀರಪ್ಪ ಗೋಡೆಗೆ ಒರಗಿ ಕೂತಿದ್ದ. "ಎಷ್ಟ ದಿನದಿಂದ ಬದಲಾಗೇತಿ ಅಂತೈತ್ರಿ ನಿಮ್ಮ ಮಷೀನು?"

"ಒಂದು ವರ್ಷದ ಮ್ಯಾಲ ಆತ್ರಿ."

"ಅಂದ್ರ, ನನ್ನ ಕಾಲಿನ ಸುದ್ದಿ ವರ್ಷದಿಂದ ಹುಬ್ಬಳ್ಳ್ಯಾಗ ಬಿದ್ದೈತಿ. ನನಗ ಇವತ್ತ ಬಂದು ಮುಟ್ಟೇತಿ." ಅವನ ದನಿ ಏರಲಿಲ್ಲ. ಆದರೆ ಕಣ್ಣು ಕೆಂಪಾಗಿತ್ತು. "ಕಳ್ಳರನ್ನ ಹಿಡ್ಯಾಕ ಅಂತ ಬೂಟು ಕೊಟ್ರಿ. ನಗನಗತಾ ಹಾಕ್ಕೊಂಡೆ. ನನ್ನ ಮೈಯಾಗ ಏನೈತಿ ಅಂತ ನೋಡಾಕ ನಾನು ಒಪ್ಪಿರಲಿಲ್ಲರಿ."

"ಹೌದು ಕಾಕಾ. ನಾವೂ ಅದನ್ನ ನೋಡಬೇಕಂತ ಮಾಡಿರಲಿಲ್ಲ. ಕಂಡ ಮ್ಯಾಲ ಮುಚ್ಚಿಡಾಕ ಮನಸು ಬರಲಿಲ್ಲ."

"ಈಗ ಯಾರಾರಿಗೆ ಗೊತ್ತೈತಿ?"

"ನಮ್ಮ ಮೂರು ಮಂದಿಗೆ ಅಷ್ಟ. ಯಾವ ಗುಂಡಿನೂ ಒತ್ತಿಲ್ಲ."

ಅವನು ಎದ್ದು ಹಿತ್ತಲಿಗೆ ಹೋದ. ಕಸ್ತೂರೆವ್ವ ಹಿಂದೆ ಹೋಗಲು ಎದ್ದವಳು ಯಾಕೋ ಮತ್ತೆ ಕೂತಳು. ತುಂಬ ಹೊತ್ತಾದ ಮೇಲೆ ಅವನು ಮುಖ ತೊಳೆದುಕೊಂಡು ಬಂದ.

"ರೋಗ ಇರಲಿ ಬಿಡಲಿ, ಆ ಅಂಗಳಕ್ಕ ನಾನು ಹೋಗೂದಿಲ್ಲ. ಅವತ್ತ ನೀವು ಹಿಂದ ಇರದಿದ್ರ ಏನಾಗ್ತಿತ್ತು? ಅಲ್ಲಿ ನನ್ನ ಜೋಡಿ ಕೆಲಸ ಮಾಡೋ ಮಂದಿ ಅದಾರ. ನಾನ ರಜಾ ಬರಕೊಡ್ತೀನಿ. ಆದ್ರ ‘ಅಸಮರ್ಥ’ ಅಂತ ಆ ಗುಂಡಿ ಒತ್ತಬ್ಯಾಡ್ರಿ ಮೇಡಂ. ಅದೊಂದು ಮಾಡಬ್ಯಾಡ್ರಿ."

ಆ ವಾರವೇ ಹುಬ್ಬಳ್ಳಿಯಲ್ಲಿ ನರರೋಗದ ವೈದ್ಯೆ ಡಾಕ್ಟರ್ ಮುಲ್ಲಾ ಅವನನ್ನು ಕೂರಿಸಿ, ನಡೆಸಿ, ಬೆರಳುಗಳನ್ನು ತಟ್ಟಿಸಿ ನೋಡಿದರು. ಪಾರ್ಕಿನ್ಸನ್ ಎಂದರು. ಇದು ವಾಸಿಯಾಗುವಂಥದ್ದಲ್ಲ, ಆದರೆ ಇಷ್ಟು ಬೇಗ ಬಂದವರು ಕಡಿಮೆ, ಮಾತ್ರೆ ಮತ್ತು ವ್ಯಾಯಾಮದಿಂದ ತುಂಬಾ ವರ್ಷ ಚೆನ್ನಾಗಿರಬಹುದು ಎಂದರು. "ಕೈ ನಡುಗತೊಡಗಿದ ಮೇಲೆ ಜನ ನನ್ನ ಹತ್ತಿರ ಬರುತ್ತಾರೆ. ನಿಮ್ಮನ್ನು ಯಾರು ಕಳಿಸಿದರು?" ಎಂದು ಕೇಳಿದರು. ಫಕೀರಪ್ಪ ತನ್ನ ಕಾಲಿನ ಕಡೆ ನೋಡಿ, "ನನ್ನ ಬೂಟುರಿ" ಎಂದ.

*

ಅವನ ಒಪ್ಪಿಗೆ ಪಡೆದ ಮೇಲೆಯೇ ಶಿವಲೀಲಾ ಇನಾಮದಾರರ ಮುಂದೆ ವಿಷಯ ಇಟ್ಟಳು. ಅವರು ಕೆಟ್ಟವರಲ್ಲ. ಫಕೀರಪ್ಪನಿಗಾಗಿ ಮರುಗಿದರು. ಅವನನ್ನು ಸಂಸ್ಥೆಯ ತರಬೇತಿ ಕೇಂದ್ರಕ್ಕೆ ಹಾಕೋಣ, ಹೊಸಬರಿಗೆ ಪಾಠ ಹೇಳಲಿ ಎಂದೂ ಒಪ್ಪಿದರು. ಆಮೇಲೆ ಅವರ ಕಣ್ಣು ಹೊಳೆಯಿತು.

"ಅಂದರೆ ನಮ್ಮಲ್ಲಿ ಎಲ್ಲರ ನಡಿಗೆಯೂ ವರ್ಷಗಟ್ಟಲೆ ಉಳಿದಿದೆ ಅಂತಾಯಿತು. ಎಲ್ಲರದನ್ನೂ ಹೀಗೇ ಹಿಂದೆ ಮುಂದೆ ಇಟ್ಟು ನೋಡಿ ಶಿವಲೀಲಾ. ಯಾರ್‍ಯಾರಿಗೆ ಏನಿದೆ ನನಗೆ ತಿಳಿಸಿ. ಗಟ್ಟಿಮುಟ್ಟಾದವರನ್ನು ಮಾತ್ರ ಕಳಿಸುತ್ತೇವೆ ಅಂತ ಗಿರಾಕಿಗಳಿಗೆ ಎದೆ ತಟ್ಟಿ ಹೇಳಬಹುದು."

"ಅದು ಮೊದಲು ಅವರವರಿಗೆ ಹೋಗಬೇಕು ಸರ್. ನಮಗಲ್ಲ."

"ಅವರು ಮುಚ್ಚಿಟ್ಟರೆ? ನಿಮ್ಮ ಫಕೀರಪ್ಪ ಪ್ರಾಮಾಣಿಕ, ಸರಿ. ಇನ್ನೊಬ್ಬ ವಾಸನೆ ಬಾರದಿದ್ದರೂ ಸುಮ್ಮನೆ ಸುತ್ತುತ್ತ ಇದ್ದರೆ? ನಾಳೆ ಅಂಗಳ ಹೊತ್ತಿಕೊಂಡರೆ ಜವಾಬ್ದಾರಿ ಯಾರದು?"

ಪ್ರಶ್ನೆ ಸರಿಯಾಗಿಯೇ ಇತ್ತು. ಶಿವಲೀಲಾ ಅದನ್ನೇ ತಲೆಯಲ್ಲಿಟ್ಟುಕೊಂಡು ಮನೆಗೆ ಹೋದಳು, ಊಟಕ್ಕೆ ಕೂತಾಗಲೂ ಅದೇ. ವಾರದ ಕೊನೆಗೆ ತರಬೇತಿ ಕೇಂದ್ರದಲ್ಲಿ ಫಕೀರಪ್ಪನನ್ನೇ ಕೇಳಿದಳು.

"ಪಹರಿ ಮೊದಲ ನಿಮ್ಮ ಸಾಹೇಬರಿಗೆ ಹೇಳತೈತಿ ಅಂತ ಗೊತ್ತಿದ್ರ ನೀವೇನ್ ಮಾಡ್ತಿದ್ರಿ ಕಾಕಾ?"

"ಬೂಟಿನಾಗ ಅರಿವಿ ತುರುಕತಿದ್ದೆ. ಇಲ್ಲಾ ತಮ್ಮನ್ನ ಕಳಸತಿದ್ದೆ" ಎಂದ ಅವನು, ನಗದೆ. "ನನಗ ಮೊದಲ ಹೇಳಿದ್ರ ನಾನು ನಿಮಗ ಹೇಳತೀನಿ. ನನ್ನ ಬಿಟ್ಟು ನಿಮಗ ಹೇಳಿದ್ರ, ನಾನೂ ನಿಮ್ಮನ್ನ ಬಿಟ್ಟು ದಾರಿ ಹುಡಕತೀನಿ. ಎಲ್ಲಾರೂ ಹಂಗರಿ."

ಆ ಮಾತಿನಿಂದ ಆಕೆಗೊಂದು ದಾರಿ ಕಂಡಿತು. ರೋಗ ಬೇರೆ, ಕೆಲಸ ಬೇರೆ. ಬ್ಯಾಟರಿ ಅಂಗಳದಲ್ಲಿ ಮೂಗು ಬೇಕೆಂದಾದರೆ ಅಲ್ಲಿ ಕೆಲಸ ಶುರುಮಾಡುವ ಮುನ್ನ ಎಲ್ಲರ ಮೂಗನ್ನೂ ಪರೀಕ್ಷಿಸಲಿ, ಒಂದೆರಡು ಸೀಸೆಗಳ ವಾಸನೆ ಹಿಡಿದು ಹೇಳಿದರೆ ಸಾಕು. ಏಣಿ ಹತ್ತುವ ಕಡೆ ಏಣಿ ಹತ್ತಿಸಿ ನೋಡಲಿ. ಮೊದಲ ದಿನದ ಹೆಜ್ಜೆಯ ಪಕ್ಕ ಇಟ್ಟಾಗ ನಡಿಗೆ ಏನು ಹೇಳುತ್ತದೋ ಅದು ಮಾತ್ರ ನಡೆಯುವವನ ಫೋನಿಗೆ ಹೋಗಲಿ. ಮೂರು ಗುಂಡಿಗಳಲ್ಲಿ ನಡುವಿನದನ್ನು ಕಿತ್ತುಹಾಕಲಿ.

ಇನಾಮದಾರರು ಎರಡು ದಿನ ಒಪ್ಪಲಿಲ್ಲ. ಸೋರಿದ್ದ ಪೆಟ್ಟಿಗೆಯ ವಿಚಾರಣೆಗೆ ಬಂದಿದ್ದ ಅಂಗಳದ ಎಂಜಿನಿಯರು, ವಾಸನೆಯ ಪರೀಕ್ಷೆ ಎಂದೋ ಇರಬೇಕಿತ್ತು ಎಂದು ಅವರೆದುರೇ ಹೇಳಿದ ಮೇಲೆ ಸ್ವಲ್ಪ ಮೆತ್ತಗಾದರು. "ಆರು ತಿಂಗಳು ನೋಡೋಣ. ಆದರೆ ಎಷ್ಟು ಜನಕ್ಕೆ ಸಂದೇಶ ಹೋಯಿತು ಅಂತಾದರೂ ನನಗೆ ಗೊತ್ತಿರಬೇಕು" ಎಂದರು.

"ಅದು ನನಗೂ ಗೊತ್ತಾಗದ ಹಾಗೆ ಮಾಡಿದ್ದೇನೆ ಸರ್."

ಅವರು ಕನ್ನಡಕ ತೆಗೆದು ಆಕೆಯನ್ನೇ ನೋಡಿದರು. ಆಮೇಲೆ ಸಹಿ ಹಾಕಿದರು.

ಕಾವಲುಗಾರರಿಗೆ ಹೋಗಬೇಕಾದ ಸಂದೇಶವನ್ನು ಶಿವಲೀಲಾ ಬರೆದು ಫಕೀರಪ್ಪನಿಗೆ ಓದಿ ಹೇಳಿದಳು: ‘ತಮ್ಮ ನಡಿಗೆಯ ಮಾದರಿಯಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬಂದಿರುತ್ತದೆ.’

"ಇದು ಕೋರ್ಟಿನ ನೋಟೀಸು ಆತ್ರಿ. ಓದಿದವನ ಎದಿ ಒಡೀತೈತಿ" ಎಂದ ಅವನು. ಇಬ್ಬರೂ ಕೂತು ತಿದ್ದಿದರು. ಕೊನೆಗೆ ಉಳಿದದ್ದು ಇಷ್ಟು: ‘ನಿಮ್ಮ ನಡಿಗೆ ಮೊದಲಿನ ಹಾಗಿಲ್ಲ. ಕಾರಣ ಸಣ್ಣದೂ ಇರಬಹುದು. ಒಮ್ಮೆ ಡಾಕ್ಟರಿಗೆ ತೋರಿಸಿ. ಇದನ್ನು ನಿಮಗೆ ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ.’

ಹೊಸ ಪಹರಿ ಕೆಲಸ ಶುರುಮಾಡಿದ ದಿನ ನಿಯಂತ್ರಣ ಕೊಠಡಿಯಲ್ಲಿ ವಿಶೇಷವೇನೂ ಕಾಣಲಿಲ್ಲ. ಎಂದಿನಂತೆ ಎಲ್ಲ ಕಡೆ ಸುತ್ತುಗಳು ನಡೆದಿದ್ದವು. ಮಧ್ಯಾಹ್ನದ ಹೊತ್ತಿಗೆ ಹಾವೇರಿಯ ಒಂದು ಮೆಣಸಿನಕಾಯಿ ಗೋದಾಮಿನಲ್ಲಿ ಒಬ್ಬ ಕಾವಲುಗಾರ ಸುತ್ತಿನ ನಡುವೆ ನಿಂತುಬಿಟ್ಟ. ಅಲ್ಲಿ ಗೇಟಿಲ್ಲ, ಬಾಗಿಲಿಲ್ಲ, ನಿಲ್ಲಬೇಕಾದ ಜಾಗವಲ್ಲ. ಪಕ್ಕದಲ್ಲಿ ಕೂತಿದ್ದ ಸಹೋದ್ಯೋಗಿ, ಯಾಕೆ ನಿಂತ ಎಂದು ಕೇಳಲು ಫೋನು ಎತ್ತಿದಳು. ಅವನು ಫೋನಿನಲ್ಲಿ ಏನು ಓದುತ್ತಿರಬಹುದೆಂದು ಊಹಿಸಿದ ಶಿವಲೀಲಾ ಅವಳ ಕೈ ಹಿಡಿದಳು. "ಇರಲಿ ಬಿಡು. ನಿಲ್ಲಲಿ."

ಅವನು ಬಹಳ ಹೊತ್ತು ನಿಂತಿದ್ದ. ಆಮೇಲೆ ಸುತ್ತು ಮುಂದುವರಿಸಿದ.

ಸಂಜೆ ಕೆಲಸ ಮುಗಿಸಿ ಹೊರಬಿದ್ದವಳಿಗೆ ಇದನ್ನೆಲ್ಲ ಯಾರಿಗಾದರೂ ಹೇಳಬೇಕೆನಿಸಿತು. ಬಸ್ ನಿಲ್ದಾಣದಲ್ಲಿ ನಿಂತು ಗದಗಿಗೆ ಫೋನು ಮಾಡಿದಳು. ಅತ್ತ ಫಕೀರಪ್ಪ ಏದುಸಿರು ಬಿಡುತ್ತಿದ್ದ. ಹಿಂದೆ ಕಸ್ತೂರೆವ್ವ ಒಂದು, ಎರಡು, ಒಂದು, ಎರಡು ಎಂದು ಹೆಜ್ಜೆಗೆ ತಾಳ ಹಾಕುತ್ತಿದ್ದುದು ಕೇಳಿಸಿತು.

"ಕಾಕಾ, ಇವತ್ತಿನಿಂದ ಶುರು ಆತ್ರಿ."

"ಛಲೋ ಆತು ಮೇಡಂ. ಆದ್ರ ಈಗ ಫೋನ್ ಇಡತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಕೆರಿ ದಂಡಿ ಮ್ಯಾಲ ಅದೀವಿ. ನಡಿಯೂ ಮುಂದ ಮಾತಾಡಬ್ಯಾಡ, ನಡಿಗಿ ಮ್ಯಾಲ ಲಕ್ಷ್ಯ ಇರಲಿ ಅಂತ ಡಾಕ್ಟರಮ್ಮಾರು ಹೇಳ್ಯಾರ. ಇಕಿ ನಿಲ್ಲಾಕ ಬಿಡವಲ್ಲಳು."

"ನಡೀರಿ ಕಾಕಾ, ನಡೀರಿ" ಎಂದಳು ಶಿವಲೀಲಾ. ಅಷ್ಟರಲ್ಲಿ ಅವನು ಫೋನು ಇಟ್ಟಾಗಿತ್ತು.